ಕುಡಗೋಲು ಕಣ ರಕ್ತಹೀನತೆ: ಜೀವಕೋಶದೊಳಗೆ ನಡೆಯುವುದೇನು?

ಹುಣಸೂರು ತಾಲ್ಲೂಕು ಗಾವಡಗೆರೆ ಹೋಬಳಿ ಹಾಗೂ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪ್ರೌಢಶಾಲಾ ವಿದ್ಯಾರ್ಥಿಗಳು ಮತ್ತು ಪೋಷಕರ ಮಾಹಿತಿಗಾಗಿ ಈ ವಿವರಣೆ ನೀಡಲಾಗಿದೆ. ಮೈಸೂರು ಜಿಲ್ಲೆಯ ಕಾಡಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ ಮುಂತಾದ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಕಂಡುಬಂದಿದೆ. ಕೋಶ ವಿಭಜನೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯುವುದು ಕಷ್ಟ.

ಕೆಂಪು ರಕ್ತಕಣಗಳು ಅಸ್ಥಿಮಜ್ಜೆಯಲ್ಲಿ ತಯಾರಾಗುತ್ತವೆ. ಅವುಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಆಮ್ಲಜನಕವನ್ನು ಸಾಗಿಸುತ್ತದೆ. ಇದರ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿದ್ದು, 11ನೆಯ ವರ್ಣತಂತುವಿನಲ್ಲಿರುವ ಜೀನ್‌ನ ಒಂದೇ ಅಕ್ಷರ ಬದಲಾದಲ್ಲಿ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಸೇರುತ್ತದೆ. ಆಮ್ಲಜನಕ ಕಡಿಮೆಯಾದಾಗ ಇಂತಹ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ. ದುಂಡನೆಯ ಕಣ ಕುಡಗೋಲಿನಂತೆ ಬಾಗುತ್ತದೆ. ಸಾಮಾನ್ಯ ಕಣ ಸುಮಾರು 120 ದಿನ ಬಾಳಿದರೆ ಇದು 10ರಿಂದ 20 ದಿನಗಳಲ್ಲಿಯೇ ನಾಶವಾಗುತ್ತದೆ. ರಕ್ತಹೀನತೆಗೆ ಇದೇ ಕಾರಣ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಕೈಕಾಲು, ಎದೆ, ಬೆನ್ನುಗಳಲ್ಲಿ ತೀವ್ರ ನೋವು ಉಂಟಾಗುತ್ತದೆ. ಇಂತಹ ಮಗುವನ್ನು ಸೋಮಾರಿಯೆಂದು ಭಾವಿಸತಕ್ಕದ್ದಲ್ಲ.

ಮಿಯಾಸಿಸ್ ವಿಭಜನೆಯಲ್ಲಿ 46 ವರ್ಣತಂತುಗಳು 23ಕ್ಕೆ ಇಳಿಯುವುದರಿಂದ ತಂದೆತಾಯಿಯರಿಂದ ಮಗುವಿಗೆ ಈ ಜೀನ್‌ನ ಒಂದೊಂದು ಪ್ರತಿ ಮಾತ್ರ ಬರುತ್ತದೆ. ಒಂದು ಪ್ರತಿ ದೋಷಯುಕ್ತವಾಗಿದ್ದರೆ ಆ ವ್ಯಕ್ತಿ ವಾಹಕ; ಸಾಮಾನ್ಯವಾಗಿ ಯಾವುದೇ ತೊಂದರೆ ಕಾಣುವುದಿಲ್ಲ. ತಂದೆತಾಯಿ ಇಬ್ಬರೂ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಮೊದಲ ಮಗುವಿಗೆ ರೋಗ ಬಂದಿದೆ, ಮುಂದಿನ ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಇದು ಅಂಟುರೋಗವಲ್ಲ, ಶಾಪವೂ ಅಲ್ಲ.

ವಾಹಕರನ್ನು ನೋಡಿ ಗುರುತಿಸಲು ಸಾಧ್ಯವಿಲ್ಲದ ಕಾರಣ ವಿವಾಹಕ್ಕೆ ಮುಂಚೆಯೇ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ದಿನಾಂಕ 1-7-2023ರಂದು ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನವು ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ತಪಾಸಣೆಯನ್ನು ಉದ್ದೇಶಿಸಿದ್ದು, ಕರ್ನಾಟಕವೂ ಇದರ ವ್ಯಾಪ್ತಿಯಲ್ಲಿದೆ. ಮೊದಲ ಪರೀಕ್ಷೆಯಲ್ಲಿ ಸಂಶಯ ಕಂಡುಬಂದಲ್ಲಿ ಖಚಿತಪಡಿಸುವ ಎರಡನೆಯ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ಅದರ ವರದಿಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಈ ರೋಗವು ಸೇರಿರುತ್ತದೆ. ರೋಗವುಳ್ಳವರು ಅಂಗವೈಕಲ್ಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಅನುಸೂಚಿಯಲ್ಲಿರುವುದು ರೋಗವೇ ಹೊರತು ವಾಹಕ ಸ್ಥಿತಿಯಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.