ಉಳಿ ಹಿಡಿಯದ ಕಲ್ಲುಕುಟಿಗರು

ಹಿರೇಹಡಗಲಿಯ ಕಲ್ಲೇಶ್ವರ ಗುಡಿಯನ್ನು ಕಟ್ಟಿಸಿದವನು ಕಲ್ಯಾಣ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಮಂತ್ರಿ ದೇಮರಸ, 11ನೇ ಶತಮಾನದಲ್ಲಿ. ಅಲ್ಲಿನ ಬಾಗಿಲವಾಡದ ಕೆತ್ತನೆ ನೋಡಿದವರಿಗೆ ಮೂಲೆಮಟ್ಟ, ತೂಗುಗುಂಡಿನ ಬೆಲೆ ಏನೆಂದು ಹೇಳಬೇಕಿಲ್ಲ. ಇದೇ ಸಲಕರಣೆಗಳನ್ನು ಲಾಂಛನ ಮಾಡಿಕೊಂಡು, ಕಲ್ಲನ್ನೇ ಮುಟ್ಟದೆ ಮುನ್ನೂರು ವರ್ಷ ನಡೆದುಬಂದ ಕೂಟವೊಂದಿದೆ: ಫ್ರೀಮೇಸನ್ರಿ.

ಕಾಲೇಜು ಹುಡುಗರಿಗೆ ಇದರ ಪರಿಚಯವಾಗುವುದು ಹೆಚ್ಚಾಗಿ ಯೂಟ್ಯೂಬಿನಲ್ಲಿ, ಜಗತ್ತನ್ನು ತೆರೆಮರೆಯಲ್ಲಿ ಆಳುವವರ ಕಥೆಯಾಗಿ. ಅಸಲು ಸಂಗತಿ ಅಷ್ಟು ರೋಚಕವಲ್ಲ. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು (ತಂಗುವ ಲಾಡ್ಜ್ ಅಲ್ಲ, ಸದಸ್ಯರ ಸಭೆ) ಸೇರಿ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ಅವರ ಲೆಕ್ಕ.

ಒಳಗೆ ಮೂರು ಹಂತ: ಕೆಲಸ ಕಲಿಯುವವ, ಕಸುಬುದಾರ, ಮೇಸ್ತ್ರಿ. ಹೊಸಬನ ಸೊಂಟಕ್ಕೆ ಕುರಿಮರಿ ಚರ್ಮದ ಬಿಳಿ ಏಪ್ರನ್ ಕಟ್ಟುತ್ತಾರೆ. ಸಭೆಯಲ್ಲಿ ಎರಡು ಕಲ್ಲುಗಳಿರುತ್ತವೆ. ಒಂದು ಗಣಿಯಿಂದ ತಂದ ಹಾಗೇ ಒರಟು, ಇನ್ನೊಂದು ತಿದ್ದಿ ನಯಗೊಳಿಸಿದ ಚೌಕ. ಒರಟು ಕಲ್ಲು ನೀನೇ ಎಂಬುದು ಪಾಠ. ಮೂಲೆಮಟ್ಟ ತೋರಿಸಿ ನಡತೆ ನೆಟ್ಟಗಿರಲಿ ಅನ್ನುತ್ತಾರೆ, ಕೈವಾರ ತೋರಿಸಿ ಆಸೆಗೊಂದು ಮೇರೆ ಇರಲಿ ಅನ್ನುತ್ತಾರೆ. ನಮ್ಮ ದೇಶದ ಲಾಡ್ಜ್‌ಗಳಲ್ಲಿ ಗೀತೆ, ಕುರಾನ್, ಬೈಬಲ್ ಒಂದೇ ಪೀಠದ ಮೇಲೆ ಇರುವುದುಂಟು. ಧರ್ಮ, ರಾಜಕೀಯದ ವಾದ ಅಲ್ಲಿ ನಿಷಿದ್ಧ. ಆದರೆ ದೇವರನ್ನು ನಂಬದವನಿಗೆ ಪ್ರವೇಶವಿಲ್ಲ. ಸದಸ್ಯರು ಪೆಟ್ಟಿಗೆಯೊಳಗೆ ಬಿಳಿ ಇಲ್ಲವೇ ಕಪ್ಪು ಗುಂಡು ಹಾಕಿ ಹೊಸಬನನ್ನು ಒಪ್ಪುತ್ತಾರೆ, ಇಲ್ಲವೇ ಹೊರಗಿಡುತ್ತಾರೆ.

ಮನುಷ್ಯರೆಲ್ಲ ಸಹೋದರರು ಎಂದ ಈ ಕೂಟ ಹಿಂದೂಗಳಿಗೆ ಬಾಗಿಲು ತೆರೆಯಲು ಮೀನಮೇಷ ಎಣಿಸಿತು. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತ 1863ರಲ್ಲಿ ಅರ್ಜಿ ಹಾಕಿದರೆ ಸೇರಿಸಿಕೊಂಡದ್ದು 1872ರಲ್ಲಿ. ಅವರನ್ನು ಸೇರಿಸಿಕೊಂಡ 'ಆ್ಯಂಕರ್ ಅಂಡ್ ಹೋಪ್' ಲಾಡ್ಜಿಗೇ 1884ರ ಫೆಬ್ರವರಿಯಲ್ಲಿ ಇಪ್ಪತ್ತೊಂದರ ತರುಣನೊಬ್ಬ ಸೇರಿದ. ಹೆಸರು ನರೇಂದ್ರನಾಥ ದತ್ತ, ಮುಂದೆ ಸ್ವಾಮಿ ವಿವೇಕಾನಂದ. ಅದೇ ತಿಂಗಳು ತಂದೆ ತೀರಿಕೊಂಡು ಮನೆ ಕಷ್ಟಕ್ಕೆ ಬಿತ್ತು.

1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿತು. ರಾಂಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಮುಖ್ಯಸ್ಥ. ಬೆಂಗಳೂರಿನಲ್ಲೂ ಲಾಡ್ಜ್‌ಗಳಿವೆ. ಹೆಣ್ಣುಮಕ್ಕಳಿಗೆ ಈ ಗ್ರ್ಯಾಂಡ್ ಲಾಡ್ಜಿನಲ್ಲಿ ಜಾಗವಿಲ್ಲ. ಬ್ರಿಟನ್ನಿನಲ್ಲಿ ಅವರದೇ ಲಾಡ್ಜ್‌ಗಳಿವೆ. ಈ ಕಾಲದಲ್ಲೂ ಸಹೋದರತೆ ಅಂದರೆ ಗಂಡಸರ ಸಹೋದರತೆಯೇ ಎಂಬುದು ನನಗಂತೂ ಒಗ್ಗದ ಮಾತು. ಇನ್ನು ಕಾಲೇಜು ಹುಡುಗರ ವಿಷಯ: ಇಂಗ್ಲೆಂಡಿನ ಮೇಸನ್ನರು 2005ರಲ್ಲಿ ವಿಶ್ವವಿದ್ಯಾಲಯಗಳಿಗೆಂದೇ ಯೋಜನೆ ಮಾಡಿ ವಿದ್ಯಾರ್ಥಿಗಳನ್ನು ಕರೆದರು.

ಆಸಕ್ತಿಯಿದ್ದವರು ಸದಸ್ಯರೊಬ್ಬರನ್ನು ಕಂಡು ಕೇಳಬೇಕು: ಪ್ರವೇಶ ಶುಲ್ಕವೆಷ್ಟು, ವರ್ಷದ ಚಂದಾ ಎಷ್ಟು, ತಿಂಗಳಿಗೆ ಎಷ್ಟು ಸಂಜೆ ಹೋಗುತ್ತದೆ. ವಾಟ್ಸಾಪಿನಲ್ಲಿ 'ಸೇರಿ, ಕೋಟ್ಯಧೀಶರಾಗಿ' ಎಂದು ದುಡ್ಡು ಕೇಳುವವರು ಮೇಸನ್ನರಲ್ಲ, ವಂಚಕರು. ದೂರು ಕೊಡಲು ಸೈಬರ್ ಸಹಾಯವಾಣಿ 1930 ಇದೆ.