ಗೆಲುವೂ ಅಲ್ಲ, ಸೋಲೂ ಅಲ್ಲ

ಆಟದಲ್ಲಿ ಗೆದ್ದವನ ಸಂತೋಷವನ್ನು ಎಲ್ಲರೂ ಬಲ್ಲರು. ಸೋತವನ ದುಃಖವನ್ನೂ ಬಲ್ಲರು. ಆದರೆ ಸರಿಸಮವಾಗಿ ಮುಗಿದ ಆಟವನ್ನು ನೋಡಿ ಮನೆಗೆ ಹಿಂದಿರುಗುವವನ ಮನಸ್ಸಿನ ಸ್ಥಿತಿಯನ್ನು ಕುರಿತು ವಿಚಾರಮಾಡಿದವರು ವಿರಳ. ತನ್ನ ತಂಡ ಸೋತಿತೆಂದು ಹೇಳಿದರೆ ಮನೆಯವರು ಅವನಿಗೆ ಸಮಾಧಾನ ಹೇಳುತ್ತಾರೆ. ಸಮವಾಯಿತೆಂದರೆ, "ಸೋಲಲಿಲ್ಲವಷ್ಟೆ! ಮತ್ತೇಕೆ ಮುಖ ಬಾಡಿಸಿಕೊಂಡಿದ್ದೀಯೆ? ಎದ್ದು ಊಟಮಾಡು" ಎಂದು ಗದರಿಸುತ್ತಾರೆ. ಕಾಲ್ಚೆಂಡಾಟದ ಹುಚ್ಚು ಹಿಡಿದ ಹುಡುಗನೋ ಹುಡುಗಿಯೋ ಮನೆಯಲ್ಲಿರುವ ಗೃಹಸ್ಥರಿಗೆ ಈ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿದೆ.

ಹಿರಿಯರು ಹೀಗೆನ್ನುವುದಕ್ಕೆ ಕಾರಣವೂ ಉಂಟು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆ ಮನೆಮನೆಗೂ ಪರಿಚಿತವಾದ ಆಟ ಕ್ರಿಕೆಟ್ಟು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ವೇಗದ ಬೌಲರ್ ಶ್ರೀನಾಥರು ಲೋಕಕ್ಕೆಲ್ಲ ತಿಳಿಯುವಂತೆ ಮಾಡಿದರು. ಐದು ದಿನಗಳ ಕ್ರಿಕೆಟ್ಟಿನಲ್ಲಿ, ಕೈತಪ್ಪಿಹೋದ ಆಟವನ್ನು ಕೊನೆಯ ದಿನವೆಲ್ಲ ಕಚ್ಚಿನಿಂತು ಉಳಿಸಿಕೊಂಡವರಿಗೆ ಗೌರವವೇ ಸಲ್ಲುತ್ತದೆ. ಕಾಲ್ಚೆಂಡಾಟದ ಲೆಕ್ಕವೇ ಬೇರೆ. ಹಿಂದೆ ಗೆದ್ದ ತಂಡಕ್ಕೆ ಎರಡು ಅಂಕ, ಆಟ ಸಮವಾದರೆ ತಲೆಗೊಂದು ಅಂಕ ಎಂಬ ಪದ್ಧತಿಯಿತ್ತು. ಆಗ ಸಮವೆಂದರೆ ಅರ್ಧ ಗೆಲುವು. ತಂಡಗಳು ಅಷ್ಟಕ್ಕೇ ತೃಪ್ತಿಪಟ್ಟು ಮಂದವಾಗಿ ಆಡುವುದನ್ನು ತಪ್ಪಿಸಬೇಕೆಂದು 1981ರಲ್ಲಿ ಇಂಗ್ಲೆಂಡಿನ ಲೀಗಿನಲ್ಲಿ ಗೆಲುವಿಗೆ ಮೂರು ಅಂಕಗಳನ್ನು ಕೊಡತೊಡಗಿದರು. 1994ರ ವಿಶ್ವಕಪ್ಪಿನಲ್ಲಿಯೂ ಅದೇ ಪದ್ಧತಿ ಬಂದಿತು. ಈಗ ಸಮವಾದವನಿಗೆ ದೊರೆಯುವುದು ಗೆಲುವಿನ ಮೂರರಲ್ಲೊಂದು ಪಾಲು ಮಾತ್ರ. ಆದುದರಿಂದ "ಸೋಲಲಿಲ್ಲವಷ್ಟೆ" ಎಂಬ ಮಾತು ಅಭಿಮಾನಿಯ ಕಿವಿಗೆ ಸಮಾಧಾನವಾಗಿ ಕೇಳುವುದಿಲ್ಲ.

ಇದರ ಕಹಿಯನ್ನು ನಮ್ಮ ನಾಡು ಒಮ್ಮೆ ಚೆನ್ನಾಗಿ ಉಂಡಿದೆ. 2015ನೆಯ ಇಸವಿ ಮೇ 31, ಭಾನುವಾರ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗಿನ ಕಡೆಯ ಪಂದ್ಯ. ಒಂದು ಕಡೆ, 2013ರಲ್ಲಿ ಹುಟ್ಟಿ ಮೊದಲ ವರ್ಷದಲ್ಲಿಯೇ ಪ್ರಶಸ್ತಿಯನ್ನು ಗೆದ್ದಿದ್ದ ಬೆಂಗಳೂರು ಎಫ್.ಸಿ. ಇನ್ನೊಂದು ಕಡೆ, 1889ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ಮೋಹನ್ ಬಗಾನ್. ಬಗಾನಿಗೆ 38 ಅಂಕ, ಬೆಂಗಳೂರಿಗೆ 36. ಗೆದ್ದರೆ ಪ್ರಶಸ್ತಿ ನಮ್ಮದು, ಸಮವಾದರೆ ಅವರದು. 41ನೆಯ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದನು. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆಗೂ ಮೀರಿದ ಆಟದ ಕಾಲವೆಲ್ಲ ಪ್ರಶಸ್ತಿಯು ಬೆಂಗಳೂರಿನ ಕೈಯಲ್ಲಿಯೇ ಇದ್ದಿತು. 87ನೆಯ ನಿಮಿಷದಲ್ಲಿ ಬಗಾನಿನ ಬೆಲ್ಲೊ ರಜಾಕನು ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದನು. ವಿಚಿತ್ರವೇನೆಂದರೆ, ಗೋಲು ಹೊಡೆದ ಈ ಇಬ್ಬರೂ ಗೋಲಾಗದಂತೆ ಕಾಯುವುದಕ್ಕೆ ನೇಮಕವಾಗಿದ್ದ ರಕ್ಷಣೆಯ ಆಟಗಾರರು! ಆಟ 1-1ರಲ್ಲಿ ನಿಂತಿತು. 39 ಅಂಕಗಳೊಡನೆ ಪ್ರಶಸ್ತಿ ಕಲ್ಕತ್ತೆಗೆ ಹೋಯಿತು; ಬೆಂಗಳೂರಿಗೆ ಉಳಿದುದು 37 ಅಂಕ. ಆ ದಿನ ಬೆಂಗಳೂರು ಸೋಲಲಿಲ್ಲ. ಆದರೂ ಎಲ್ಲವನ್ನೂ ಕಳೆದುಕೊಂಡಿತು.

ಅಂತಹ ಆಟವನ್ನು ನೋಡಿ ಇರುಳಿನ ರೈಲಿನಲ್ಲಿ ಅರಸೀಕೆರೆಗೆ ಮರಳುವ ತರುಣನನ್ನು ವಾಚಕರು ಊಹಿಸಿಕೊಳ್ಳಬೇಕು. ಸೋತಿದ್ದರೆ, ಎದುರಾಳಿಯು ಹೆಚ್ಚಿನವನೆಂದು ಒಪ್ಪಿಕೊಂಡು ಮಲಗಬಹುದಾಗಿತ್ತು. ಇಲ್ಲಿ ಹಾಗಿಲ್ಲ. ಆ ಮೂರು ನಿಮಿಷಗಳು ತುಮಕೂರಿನಲ್ಲಿಯೂ ತಿಪಟೂರಿನಲ್ಲಿಯೂ ಅವನೊಡನೆ ಗಾಡಿಯಲ್ಲಿಯೇ ಕುಳಿತಿರುತ್ತವೆ. ಆ ಚೆಂಡನ್ನು ಒಬ್ಬನು ಒಂದು ಗೇಣು ಮೇಲಕ್ಕೆ ನೆಗೆದು ತಡೆದಿದ್ದರೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆಯು ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ. ಅದೇ ಹೊತ್ತಿನಲ್ಲಿ ಕಲ್ಕತ್ತೆಯ ಅಭಿಮಾನಿಗೆ ಅದೇ 1-1 ಹಬ್ಬವಾಗಿದ್ದಿತು. 2002ರಿಂದ ಹದಿಮೂರು ವರ್ಷ ಅವನು ಈ ದಿನಕ್ಕಾಗಿ ಕಾದಿದ್ದನು. ಅಂಕಿ ಒಂದೇ, ಅನುಭವ ಎರಡು. ಮೊದಲು ಪಡೆದು ಕಳೆದುಕೊಂಡವನಿಗೂ, ಮೊದಲು ಕಳೆದುಕೊಂಡು ಪಡೆದವನಿಗೂ ಲೆಕ್ಕದ ಪುಸ್ತಕವು ಒಂದೇ ಫಲವನ್ನು ಬರೆಯುತ್ತದೆ. ಮನಸ್ಸು ಹಾಗೆ ಬರೆಯುವುದಿಲ್ಲ.

ಇದು ಎಳೆಯರ ಹೊಸ ಹುಚ್ಚೆಂದು ಹಿರಿಯರು ತಿಳಿಯತಕ್ಕುದಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತ ತಂಡದ ಪರವಾಗಿ ಫ್ರಾನ್ಸಿನ ಎದುರು ಗೋಲು ಹೊಡೆದು ಆಟವನ್ನು ಸಮಮಾಡಿದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ಆ ಸಮವು ಉಳಿದಿದ್ದರೆ ನಮ್ಮವರಿಗೆ ಅದೊಂದು ವರವಾಗುತ್ತಿದ್ದಿತು. ಆದರೆ ಆಟ ಮುಗಿಯುವ ಹೊತ್ತಿಗೆ ಫ್ರಾನ್ಸು ಇನ್ನೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು. 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ನಮ್ಮ ರಾಜ್ಯಕ್ಕೆ ಅದು ಮತ್ತೆ ದೊರೆತುದು 54 ವರ್ಷಗಳ ತರುವಾಯ, 2023ರ ಮಾರ್ಚಿ 4ರಂದು, ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಗೆದ್ದಾಗ. ಅಷ್ಟರಲ್ಲಿ ಎಷ್ಟೋ ಅಭಿಮಾನಿಗಳು ತರುಣರಾಗಿದ್ದವರು ಅಜ್ಜಂದಿರಾಗಿದ್ದರು.

ಬೇಲೂರಿನ ಗುಡಿಯ ಬಾಗಿಲಲ್ಲಿ ಸಳನ ಮೂರ್ತಿಯನ್ನು ನೋಡದವರು ಯಾರಿದ್ದಾರೆ? ಐತಿಹ್ಯದಲ್ಲಿ ಸಳನು ಮೃಗವನ್ನು ಕೊಂದನು. ಶಿಲ್ಪಿಯಾದರೋ ಗೆಲುವನ್ನು ಕೆತ್ತಲಿಲ್ಲ, ಹೋರಾಟವನ್ನು ಕೆತ್ತಿದನು. ಆಯುಧವು ಎತ್ತಿದಂತೆಯೇ ಇದೆ, ಮೃಗವು ಇನ್ನೂ ಬಿದ್ದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಗೆ ಇಂದು ಶಿಖರವಿಲ್ಲ. ಹಾಗೆಂದು ಅದನ್ನು ನೋಡಬಂದವರು ಅತೃಪ್ತಿಯಿಂದ ಹಿಂದಿರುಗುವುದಿಲ್ಲ. 2023ರಲ್ಲಿ ಬೇಲೂರಿನೊಡನೆ ಅದೂ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಮುಗಿವನ್ನು ಮಾತ್ರ ನೋಡಿ ಬೆಲೆಕಟ್ಟತಕ್ಕುದಲ್ಲವೆಂಬುದನ್ನು ನಮ್ಮ ಸೀಮೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕುದೇನು? ಮುಖ ಬಾಡಿಸಿಕೊಂಡು ಬಂದ ಮಗುವನ್ನು ಹಂಗಿಸಬಾರದು; "ಇಪ್ಪತ್ತೆರಡು ಜನ ಚೆಂಡು ಒದ್ದರೆ ನಿನಗೇನಾಯಿತು?" ಎಂದು ಕೇಳಬಾರದು. ತನ್ನದಲ್ಲದ ಕಾರ್ಯಕ್ಕಾಗಿ ಮರುಗಬಲ್ಲ ಮನಸ್ಸು ನಾಳೆ ನೆರೆಯವನ ಕಷ್ಟಕ್ಕೂ ಮರುಗೀತು, ಅದನ್ನು ಚಿವುಟಬಾರದು. ತಟ್ಟೆಯಿಟ್ಟು ಎದುರಿಗೆ ಕುಳಿತು, "ಆ ಗೋಲು ಹೇಗಾಯಿತು, ಹೇಳು" ಎಂದರೆ ಸಾಕು. ಹೇಳುತ್ತ ಹೇಳುತ್ತ ಅರ್ಧ ದುಃಖ ಕರಗುತ್ತದೆ, ಅನ್ನವೂ ಒಳಗೆ ಹೋಗುತ್ತದೆ. ಆದರೆ ಆಟಗಾರನನ್ನು ಬೈಯಲು ತೊಡಗಿದರೆ ಅಲ್ಲಿಯೇ ತಡೆಯಬೇಕು. ತೊಂಬತ್ತು ನಿಮಿಷ ಓಡಿದವನ ದುಃಖವು ಕುಳಿತು ನೋಡಿದವನ ದುಃಖಕ್ಕಿಂತ ಕಡಮೆಯಾಗಿರಲಾರದು.

ಮುಂದಿನ ವರ್ಷವೇ, 2016ರಲ್ಲಿ, ಬೆಂಗಳೂರು ಎಫ್.ಸಿ. ಆ ಪ್ರಶಸ್ತಿಯನ್ನು ಮರಳಿ ಗೆದ್ದಿತು. ಎಲ್ಲ ಅಭಿಮಾನಿಗಳಿಗೂ ಇಷ್ಟು ಬೇಗ ಫಲ ದೊರೆಯುತ್ತದೆಂದು ನಾವು ಹೇಳಲಾರೆವು. ಐವತ್ತುನಾಲ್ಕು ವರ್ಷ ಕಾಯಬೇಕಾದೀತು. ಕಾಯುವುದನ್ನು ಕಲಿತವನಿಗೆ ಬಾಳಿನಲ್ಲಿ ಅದು ಬೇರೆಡೆಯೂ ಒದಗುತ್ತದೆ. ಏಕೆಂದರೆ ಸಂಸಾರದ ಹೆಚ್ಚಿನ ದಿನಗಳು ಗೆಲುವಿನವೂ ಅಲ್ಲ, ಸೋಲಿನವೂ ಅಲ್ಲ; ಒಂದಕ್ಕೊಂದು ಸಮವಾಗಿ ಮುಗಿಯುವಂತಹವು. ಅಂತಹ ದಿನದ ರಾತ್ರಿಯಲ್ಲಿ ಉಂಡು, ಮಲಗಿ, ಬೆಳಗ್ಗೆ ಮತ್ತೆ ಎದ್ದು ಹೊರಡುವವನೇ ಗೃಹಸ್ಥನಷ್ಟೆ.