ಹೆಸರು ಬದಲಿಸಿದರೂ ಸಿಕ್ಕಿಬೀಳುವ ಕಡತ

ತನಿಖೆಗಾಗಿ ವಶಪಡಿಸಿಕೊಂಡ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಕಡತಗಳಿರುತ್ತವೆ. ಬಹುಪಾಲು ವಿಂಡೋಸ್, ಬ್ರೌಸರ್‌ಗಳ ಜೊತೆ ಬಂದಿಳಿದವು. ಆರೋಪಿ ಅವನ್ನು ತೆರೆದೇ ಇರುವುದಿಲ್ಲ. ಅವನ್ನು ಬದಿಗಿಡುವುದು ಹೇಗೆ? ಹೆಸರು ನೋಡಿ ನಂಬುವಂತಿಲ್ಲ. ಕಳ್ಳಲೆಕ್ಕದ ಹಾಳೆಗೆ ವಿಂಡೋಸ್ ಕಡತದ ಹೆಸರಿಡಲು ಕ್ಷಣ ಸಾಕು. ತಾರೀಕನ್ನೂ ತಿದ್ದಬಹುದು.

ಇಲ್ಲಿ ನೆರವಿಗೆ ಬರುವುದು ಹ್ಯಾಶ್ ಎಂಬ ಗಣಿತ ವಿಧಾನ. ಅದು ನೋಡುವುದು ಕಡತದ ಒಳಗನ್ನು ಮಾತ್ರ. ಅದರ ಒಂದೊಂದು ಬಿಟ್ಟನ್ನೂ ಗಣಿತಕ್ರಿಯೆಗೆ ಒಳಪಡಿಸಿ, ನಿಗದಿತ ಉದ್ದದ ಒಂದು ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಗೂ ಹ್ಯಾಶ್ ಎಂದೇ ಹೆಸರು. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 256 ಬಿಟ್. ಬರೆದರೆ 64 ಅಕ್ಷರಾಂಕ. ಕಡತ ಒಂದೇ ಸಾಲಿನದಾದರೂ ಇಡೀ ಸಿನಿಮಾ ಆದರೂ ಅಷ್ಟೇ ಉದ್ದ. ಒಳಗೆ ಒಂದು ಬಿಟ್ ಬದಲಾದರೆ ಹ್ಯಾಶ್‌ನ ಸುಮಾರು ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುತ್ತವೆ.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ (ನಿಸ್ಟ್) ಈ ಗುಣವನ್ನು ಬಳಸಿ ದೊಡ್ಡ ಕೆಲಸ ಮಾಡಿದೆ. ಸಾಫ್ಟ್‌ವೇರ್‌ಗಳನ್ನು ಸಂಗ್ರಹಿಸಿ, ಪ್ಯಾಕೇಜು ಬಿಚ್ಚಿ, ಒಳಗಿನ ಪ್ರತಿ ಕಡತದ ಹ್ಯಾಶ್ ಪಟ್ಟಿಮಾಡಿ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ತನಿಖಾಧಿಕಾರಿಗಳು ತಾಳೆ ಹಾಕಿ, ಪರಿಚಿತ ಕಡತಗಳನ್ನು ಜರಡಿ ಹಿಡಿದು ಉಳಿದವನ್ನು ಪರೀಕ್ಷಿಸುತ್ತಾರೆ. ಪಟ್ಟಿಯಲ್ಲಿರುವುದೆಲ್ಲ ಒಳ್ಳೆಯದೆಂದು ನಿಸ್ಟ್ ಹೇಳುವುದಿಲ್ಲ. ಅದರಲ್ಲಿ ಹ್ಯಾಕಿಂಗ್ ಸಾಧನಗಳೂ ಇವೆ. ಪರಿಚಿತ ಎಂದಷ್ಟೇ ಅರ್ಥ.

ಹಳೆಯ ಹ್ಯಾಶ್ ವಿಧಾನಗಳು ಸವೆದಿವೆ. 2004ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಎಂಡಿ5 ಎಂಬ ವಿಧಾನದಲ್ಲಿ ಒಂದೇ ಹ್ಯಾಶ್ ಬರುವ ಬೇರೆ ಬೇರೆ ದತ್ತಾಂಶಗಳನ್ನು ತೋರಿಸಿದರು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯ ಸಂಶೋಧಕರು ಎಸ್‌ಎಚ್‌ಎ-1ಕ್ಕೂ ಅದೇ ಗತಿ ಕಾಣಿಸಿದರು. ಇದರಲ್ಲೊಂದು ಸೂಕ್ಷ್ಮವಿದೆ: ಒಂದೇ ಹ್ಯಾಶ್‌ನ ಎರಡು ಅವಳಿ ಕಡತಗಳನ್ನು ಹೊಸದಾಗಿ ಸೃಷ್ಟಿಸುವುದು ಈಗ ಸಾಧ್ಯ, ಆದರೆ ಈಗಾಗಲೇ ಇರುವ ಕಡತವೊಂದಕ್ಕೆ ಅವಳಿಯನ್ನು ಹುಟ್ಟಿಸುವುದು ಎಂಡಿ5ರಲ್ಲೂ ಕಾರ್ಯಸಾಧ್ಯವಾಗಿಲ್ಲ. ಹಾಗೆಂದು ಹಳೆಯದಕ್ಕೇ ಅಂಟಿಕೊಳ್ಳುವುದು ತಪ್ಪು.

ಹ್ಯಾಶ್‌ನ ನಿಜವಾದ ಮಿತಿ 2024ರಲ್ಲಿ ಎದ್ದು ಕಂಡಿತು. ಲಿನಕ್ಸ್‌ನಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಸಾಧನದ 5.6.0, 5.6.1 ಆವೃತ್ತಿಗಳ ಅಧಿಕೃತ ಕಡತದಲ್ಲೇ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಅಡಗಿತ್ತು. ಹ್ಯಾಶ್ ತಾಳೆಯಾಗುತ್ತಿತ್ತು, ಏಕೆಂದರೆ ವಿಷ ಬೆರೆತದ್ದು ಮೂಲದಲ್ಲೇ. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಯಂತ್ರದ ತಾಳೆಗೆ ಮನುಷ್ಯನ ಕುತೂಹಲವೂ ಜೊತೆಗಿರಲೇಬೇಕು.

ಸಾಫ್ಟ್‌ವೇರ್ ಇಳಿಸಿಕೊಳ್ಳುವವರು ಅಳವಡಿಸುವ ಮುನ್ನ ಎಸ್‌ಎಚ್‌ಎ-256 ತಾಳೆ ನೋಡಿ. ಕಡತ ಸಿಕ್ಕ ಜಾಗದಿಂದಲೇ ಹ್ಯಾಶ್ ಪಡೆಯಬೇಡಿ. ಅಲ್ಲಿ ನುಗ್ಗಿದವನು ಎರಡನ್ನೂ ಬದಲಿಸಿರಬಹುದು. ತಯಾರಕರು ಡಿಜಿಟಲ್ ಸಹಿ ಹಾಕಿದ ಹ್ಯಾಶ್ ಪಟ್ಟಿಯಿದ್ದರೆ ಅದನ್ನೇ ಬಳಸಿ.